ಪೀಪಾಯಿಯೊಳಗಿನ ಜೀವ: ಹುಕ್ ನಾರ್ಟನ್ನಿನ ಏಲ್

ಈ ವರ್ಷದ ಸಂಚಿಕೆಗೆ ಏನು ಬರೆಯುತ್ತೀರಿ ಎಂದು ಸಂಪಾದಕರು ಫೋನಿನಲ್ಲಿ ಕೇಳಿದಾಗ "ಬಿಯರ್ ಬಗ್ಗೆ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಡಾಕ್ಟ್ರೇ, ಹೋದ ಸಲ ಸಕ್ಕರೆ ಕಾಯಿಲೆ ಬರೆದಿದ್ದಿರಿ..." ಎಂದು ರಾಗ ಎಳೆದರು. ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ನಾನು ಬೆಳೆದ ಮನೆಯಲ್ಲಿ "ಅವರು ಕುಡೀತಾರೆ" ಎಂಬ ಮಾತನ್ನು ದನಿ ತಗ್ಗಿಸಿಯೇ ಹೇಳುತ್ತಿದ್ದರು. ಮುಂದೆ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕುಡಿತದಿಂದ ಕೆಟ್ಟ ಯಕೃತ್ತುಗಳನ್ನು ನೋಡುತ್ತಾ ಬಂದೆ. ಹಾಗಾಗಿ ಇದು ಕುಡಿಯಿರಿ ಎಂದು ಹೇಳುವ ಲೇಖನವಲ್ಲ. ಆದರೆ ನಾವು ನೆಲೆಸಿರುವ ಈ ನಾಡಿನ ಊರೂರಿನಲ್ಲೂ ಇರುವ ಒಂದು ಪದಾರ್ಥ ಹೇಗೆ ತಯಾರಾಗುತ್ತದೆ ಎಂಬುದೇ ಗೊತ್ತಿಲ್ಲದೆ ಅದನ್ನು ಬೈಯುವುದೂ ಹೊಗಳುವುದೂ ನನಗೆ ಸರಿಕಾಣಲಿಲ್ಲ.

ನನ್ನನ್ನು ಇದಕ್ಕೆ ಎಳೆದವನು ಅಳಿಯ. ಆಕ್ಸ್‌ಫರ್ಡ್‌ಶೈರ್‌ನ ಉತ್ತರ ಭಾಗದಲ್ಲಿ, ಬ್ಯಾನ್‌ಬರಿ ಪಟ್ಟಣದಿಂದ ಸ್ವಲ್ಪ ದೂರದಲ್ಲಿ ಹುಕ್ ನಾರ್ಟನ್ ಎಂಬ ಹಳ್ಳಿಯಿದೆ. "ಮಾವ, ಅಲ್ಲೊಂದು ಬ್ರೂವರಿ ಇದೆ, ಒಳಗೆಲ್ಲ ತೋರಿಸ್ತಾರೆ, ನೀವು ಕುಡೀಬೇಕಾಗಿಲ್ಲ" ಎಂದು ಕರೆದುಕೊಂಡು ಹೋದ. 1849ರಲ್ಲಿ ಜಾನ್ ಹ್ಯಾರಿಸ್ ಎಂಬಾತ ಈ ಹಳ್ಳಿಯಲ್ಲಿ ಮಾಲ್ಟ್ ಮನೆಯಿದ್ದ ಜಮೀನೊಂದನ್ನು ಹಿಡಿದು ಶುರುಮಾಡಿದ ಕೆಲಸ ಅದು. ಸುತ್ತಮುತ್ತ ಕಬ್ಬಿಣದ ಅದಿರಿನ ಗಣಿಗಳು ಬಂದವು, ರೈಲು ಹಳಿ ಹಾಕುವ ಕೂಲಿಗಳು ಬಂದರು, ಬಾಯಾರಿದವರ ಸಂಖ್ಯೆ ಏರಿತು. ಅಲ್ಲಿಂದ ಐದು ತಲೆಮಾರು ಆ ಮನೆತನದವರು ಬ್ರೂವರಿಯನ್ನು ಕೈಬಿಟ್ಟಿಲ್ಲ.

ಏಲ್‌ನ ಮೊದಲ ಹೆಜ್ಜೆ ನಮ್ಮ ತಾಯಂದಿರಿಗೆ ಗೊತ್ತಿರುವುದೇ. ಮಗುವಿಗೆ ಸರಿ ಮಾಡಲು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸುತ್ತಾರಲ್ಲ, ಬಾರ್ಲಿಗೆ ಹಾಗೆ ಮಾಡಿದರೆ ಅದೇ ಮಾಲ್ಟ್. ಮೊಳಕೆಯೊಡೆಯುವಾಗ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಗಂಜಿಯನ್ನು ಸಕ್ಕರೆಯಾಗಿ ಒಡೆಯುವುದು ಅದರ ಕೆಲಸ. ನಮ್ಮ ಜೊಲ್ಲಿನಲ್ಲಿ ಇರುವುದೂ ಅದೇ ಜಾತಿಯ ಕಿಣ್ವ. ಮೊಳಕೆ ಬಂದ ಬಾರ್ಲಿಯನ್ನು ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಕಡಿಮೆ ಕಾಯಿಸಿದರೆ ಹೊಂಬಣ್ಣ, ಹೆಚ್ಚು ಹುರಿದರೆ ಕಂದು ಅಥವಾ ಕಪ್ಪು. ಏಲ್‌ಗೆ ಬಣ್ಣ ಬರುವುದು ಮುಖ್ಯವಾಗಿ ಇದರಿಂದಲೇ. ಈ ಮಾಲ್ಟನ್ನು ತರಿತರಿಯಾಗಿ ಒಡೆದು ಸುಮಾರು 65 ಡಿಗ್ರಿ ಬಿಸಿ ನೀರಿನಲ್ಲಿ ಕಲಸಿ ಒಂದು ಗಂಟೆಯಷ್ಟು ಬಿಟ್ಟರೆ ಅಂಬಲಿಯಂತಿದ್ದುದು ಸಿಹಿಯಾಗುತ್ತದೆ. ಸೋಸಿ ತೆಗೆದ ಈ ಸಿಹಿ ನೀರಿಗೆ ವರ್ಟ್ ಎನ್ನುತ್ತಾರೆ. ಅದನ್ನು ಹಾಪ್ಸ್ ಎಂಬ ಬಳ್ಳಿಯ ಹೂವಿನ ಜೊತೆ ದೊಡ್ಡ ಹಂಡೆಯಲ್ಲಿ ಒಂದು ಗಂಟೆಗೂ ಮೀರಿ ಕುದಿಸುತ್ತಾರೆ. ಹಾಪ್ಸ್‌ನಿಂದ ಕಹಿ ಬರುತ್ತದೆ, ಕೆಲವು ಬ್ಯಾಕ್ಟೀರಿಯಾಗಳಿಗೂ ತಡೆಯಾಗುತ್ತದೆ. (ಸಸ್ಯಶಾಸ್ತ್ರದಲ್ಲಿ ಹಾಪ್ಸ್ ಗಾಂಜಾ ಗಿಡದ ದಾಯಾದಿ. ಅಮಲಿನ ವಿಷಯದಲ್ಲಿ ಮಾತ್ರ ಆ ಸಂಬಂಧ ಇಲ್ಲ!)

ಹುಕ್ ನಾರ್ಟನ್ನಿನಲ್ಲಿ ನೋಡಲೇಬೇಕಾದದ್ದು ಕಟ್ಟಡ. ವಿಲಿಯಂ ಬ್ರ್ಯಾಡ್‌ಫರ್ಡ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದ, 1900ರ ಸುಮಾರಿನ ಗೋಪುರ; ದೂರದಿಂದ ಯಾವುದೋ ಕಥೆಪುಸ್ತಕದ ಕೋಟೆಯ ಹಾಗೆ ಕಾಣುತ್ತದೆ. ಆ ಎತ್ತರ ಅಂದಕ್ಕೆ ಮಾತ್ರ ಅಲ್ಲ. ನೀರನ್ನೂ ಮಾಲ್ಟನ್ನೂ ಒಮ್ಮೆ ಮೇಲಕ್ಕೆ ಏರಿಸಿಬಿಟ್ಟರೆ ಆಮೇಲೆ ಎಲ್ಲವೂ ತನ್ನ ಭಾರಕ್ಕೆ ತಾನೇ ಇಳಿಯುತ್ತಾ ಬರುತ್ತದೆ: ಬೀಸುವುದು, ಕಲಸುವುದು, ಕುದಿಸುವುದು, ಹುದುಗಿಸುವುದು, ಕೊನೆಗೆ ಕೆಳಗೆ ಪೀಪಾಯಿ. ಮೇಲೇರಿಸಲು 1899ರ ಉಗಿಯಂತ್ರವೊಂದನ್ನು ಇಟ್ಟುಕೊಂಡಿದ್ದರು. 2006ರವರೆಗೂ ಅದು ನಿತ್ಯದ ದುಡಿಮೆಯಲ್ಲಿತ್ತು ಎಂದು ಕೇಳಿ ಬೆರಗಾದೆ. ನಾನು ಕೊಂಡ ಯಾವ ಕಾರೂ ಹದಿನೈದು ವರ್ಷ ದಾಟಿಲ್ಲ. ಹತ್ತಿರದ ಪಬ್‌ಗಳಿಗೆ ಪೀಪಾಯಿ ಸಾಗಿಸಲು ಶೈರ್ ತಳಿಯ ಭಾರಿ ಕುದುರೆಗಳನ್ನೂ ಸಾಕಿದ್ದಾರೆ.

ತಣಿದ ವರ್ಟ್‌ಗೆ ಯೀಸ್ಟ್ ಸೇರಿಸಿದ ಮೇಲೆ ಕೆಲಸ ಮನುಷ್ಯರ ಕೈಯಲ್ಲಿ ಇರುವುದಿಲ್ಲ. ಬೇಸಗೆಯಲ್ಲಿ ದೋಸೆ ಹಿಟ್ಟು ರಾತ್ರೋರಾತ್ರಿ ಪಾತ್ರೆ ಮೀರಿ ಉಕ್ಕುವುದನ್ನು ಕಂಡವರಿಗೆ ಹುದುಗುವ ತೊಟ್ಟಿ ಹೊಸದೆನಿಸದು. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಏಲ್‌ನ ಯೀಸ್ಟ್ ಇಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿ ಚುರುಕಾಗಿ, ದಪ್ಪ ನೊರೆಯಾಗಿ ಮೇಲೇಳುತ್ತದೆ. ನಾವು ಬೆಂಗಳೂರಿನಲ್ಲಿ ಬಿಯರ್ ಎಂದು ಕಂಡಿದ್ದ ಲಾಗರ್ ಬೇರೆ ಯೀಸ್ಟಿನದು. ಅದು ತಣ್ಣನೆಯ ಜಾಗದಲ್ಲಿ ನಿಧಾನವಾಗಿ ಹುದುಗುತ್ತದೆ. ಏಲ್ ಮಾಡುವವರು ಮೇಲಿನ ನೊರೆಯನ್ನು ಕೆನೆಯಂತೆ ತೆಗೆದಿಟ್ಟು ಮುಂದಿನ ಸಲಕ್ಕೆ ಬಳಸುತ್ತಾರೆ. ನಮ್ಮ ಮೊಸರಿನ ಹೆಪ್ಪಿನ ಹಾಗೆ. ಹೆಪ್ಪು ಕೆಟ್ಟರೆ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುವಂತೆ, ಯೀಸ್ಟ್ ಕೆಟ್ಟರೆ ಇನ್ನೊಂದು ಬ್ರೂವರಿಯಿಂದ ಕೇಳಿ ತರುವ ಪದ್ಧತಿಯೂ ಇದೆ. 1871ರಲ್ಲಿ ಲಂಡನ್ನಿಗೆ ಬಂದ ಲೂಯಿ ಪಾಶ್ಚರ್, ವಿಟ್‌ಬ್ರೆಡ್ ಬ್ರೂವರಿಯ ಯೀಸ್ಟನ್ನು ಸೂಕ್ಷ್ಮದರ್ಶಕದಡಿ ಇಟ್ಟು ಅದರಲ್ಲಿ ಬೆರೆತಿದ್ದ ಬೇರೆ ಜೀವಿಗಳನ್ನು ತೋರಿಸಿಕೊಟ್ಟ. ನಾವು ವೈದ್ಯರು ರೋಗಾಣುಗಳ ಬಗ್ಗೆ ಕಲಿತ ಪಾಠದಲ್ಲಿ ಬಿಯರ್ ತೊಟ್ಟಿಗಳ ಪಾಲೂ ಇದೆ.

ಸಾಂಪ್ರದಾಯಿಕ ಏಲ್‌ನ ವಿಶೇಷ ಇನ್ನು ಮುಂದಿದೆ. ಕಾರ್ಖಾನೆಯ ಬಿಯರನ್ನು ಸಾಮಾನ್ಯವಾಗಿ ಸೋಸಿ, ಬಹಳ ಸಲ ಪಾಶ್ಚರೀಕರಿಸಿ, ಅನಿಲದ ಒತ್ತಡದಲ್ಲಿ ಹೊರಕ್ಕೆ ತಳ್ಳುತ್ತಾರೆ. ಪೀಪಾಯಿಯ ಏಲ್ ಬ್ರೂವರಿ ಬಿಡುವಾಗ ಅದರಲ್ಲಿ ಯೀಸ್ಟ್ ಜೀವಂತವಾಗಿರುತ್ತದೆ. ಕೊನೆಯ ಹುದುಗು ನಡೆಯುವುದು ಪಬ್ಬಿನ ನೆಲಮಾಳಿಗೆಯಲ್ಲಿ. ಪಬ್ಬಿನವರು ಪೀಪಾಯಿಯನ್ನು ಅಲುಗದಂತೆ ಮಲಗಿಸಿ, ಮೇಲಿನ ತೂತಿಗೆ ಮೆದು ಮರದ ಬೆಣೆ ಹಾಕಿ ಹೆಚ್ಚಿನ ಗಾಳಿ ಹೋಗಲು ಬಿಟ್ಟು, ಆಮೇಲೆ ಗಟ್ಟಿ ಬೆಣೆ ಬಡಿದು, ಮಡ್ಡಿ ಇಳಿಯುವವರೆಗೆ ಕಾಯಬೇಕು. ನೆಲಮಾಳಿಗೆ 11ರಿಂದ 13 ಡಿಗ್ರಿ ಇರಬೇಕು. ಇಂಗ್ಲಿಷರು ಬೆಚ್ಚನೆಯ ಬಿಯರ್ ಕುಡಿಯುತ್ತಾರೆಂಬ ನಮ್ಮವರ ನಗೆಮಾತು ಹುಟ್ಟಿದ್ದು ಇಲ್ಲಿಂದ. ಅದು ಬೆಚ್ಚಗಿಲ್ಲ, ಐಸಿನಂತೆ ಇಲ್ಲ ಅಷ್ಟೇ.

ಸಸ್ಯಾಹಾರಿಗಳಿಗೆ ಇಲ್ಲೊಂದು ಮಾತು ಹೇಳಬೇಕು. ಮಡ್ಡಿ ಬೇಗ ತಳ ಸೇರಲೆಂದು ಪೀಪಾಯಿಗೆ ಐಸಿಂಗ್ಲಾಸ್ ಹಾಕುವ ರೂಢಿ ಹಳೆಯದು. ಅದು ಮೀನಿನ ಗಾಳಿಚೀಲವನ್ನು ಒಣಗಿಸಿ ತೆಗೆದದ್ದು. ಬಹುಪಾಲು ತಳದಲ್ಲೇ ಉಳಿಯುತ್ತದೆ ಎನ್ನುವುದು ನಿಜ, ಆದರೂ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ನಮ್ಮ ಸ್ನೇಹಿತರು ಪಬ್‌ನಲ್ಲಿ ಇದನ್ನು ಕೇಳಿದ್ದು ನಾನು ನೋಡಿಲ್ಲ. ಈಗ ಇದಿಲ್ಲದ ಏಲ್‌ಗಳೂ ಸಿಗುತ್ತವೆ, ಕೇಳಿದರೆ ಹೇಳುತ್ತಾರೆ.

ಪೀಪಾಯಿ ತೆರೆದರೆ ಮೂರು ದಿನ, ಅಷ್ಟೇ. ಸುರಿದಷ್ಟೂ ಒಳಗೆ ಗಾಳಿ ಸೇರಿ ರುಚಿ ಕೆಡುತ್ತದೆ, ಬಿಟ್ಟರೆ ವಿನಿಗರ್ ಆಗುತ್ತದೆ. ಒಂದು ಫರ್ಕಿನ್ ಎಂದರೆ ಒಂಬತ್ತು ಗ್ಯಾಲನ್, 72 ಪೈಂಟ್. ಮೂರು ದಿನದಲ್ಲಿ 72 ಪೈಂಟ್ ಕುಡಿಯಲು ಆ ಊರಿನಲ್ಲಿ ಜನ ಪಬ್ಬಿಗೆ ಬರುತ್ತಿರಬೇಕು. ಸಣ್ಣ ಬ್ರೂವರಿಯ ಬದುಕು ನಿಂತಿರುವುದು ಈ ಲೆಕ್ಕದ ಮೇಲೆ. 1960ರ ದಶಕದಲ್ಲಿ ದೊಡ್ಡ ಕಂಪನಿಗಳು ಕೆಡದ ಬಿಯರನ್ನು ಎಲ್ಲೆಡೆ ತಂದಾಗ ಪೀಪಾಯಿಯ ಏಲ್ ಅಳಿದೇ ಹೋಗುವಂತಿತ್ತು. 1971ರಲ್ಲಿ ನಾಲ್ವರು ಯುವಕರು ಕಟ್ಟಿದ ಕ್ಯಾಮ್ರಾ ಎಂಬ ಬಳಕೆದಾರರ ಸಂಘ ಅದರ ಪರ ನಿಂತಿತು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಪಬ್‌ಗಳನ್ನು ಒಮ್ಮೆಲೇ ಮುಚ್ಚಿಸಿದಾಗ ನೆಲಮಾಳಿಗೆಗಳಲ್ಲಿದ್ದ ಏಲನ್ನು ಚರಂಡಿಗೆ ಚೆಲ್ಲಬೇಕಾಯಿತು.

ವೈದ್ಯನಾಗಿ ನನಗೆ ಪ್ರಿಯವಾದ ಬ್ರೂವರಿಯ ಕಥೆ ಬೇರೊಂದಿದೆ, ಅದು ಲಂಡನ್ನಿನದು. 1854ರಲ್ಲಿ ಸೋಹೋದ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ನೂರಾರು ಜನರನ್ನು ಬಲಿ ತೆಗೆದುಕೊಂಡಿತು. ಬೀದಿಯ ಪಂಪಿನ ನೀರೇ ಕಾರಣವೆಂದು ಡಾ. ಜಾನ್ ಸ್ನೋ ಶಂಕಿಸಿದ್ದರು. ಅದೇ ಬೀದಿಯ ಬ್ರೂವರಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಆಳುಗಳಿದ್ದರೂ ಯಾರೂ ಸತ್ತಿರಲಿಲ್ಲ. ವಿಚಾರಿಸಿದರೆ, ಅವರಿಗೆ ಕೆಲಸದ ಜಾಗದಲ್ಲೇ ಬಿಯರ್ ಕೊಡುತ್ತಿದ್ದರು, ಒಳಗೆ ಬೇರೆ ಬಾವಿಯೂ ಇತ್ತು; ಬೀದಿಯ ಪಂಪಿಗೆ ಯಾರೂ ಹೋಗುತ್ತಿರಲಿಲ್ಲ. ಬಿಯರ್ ಕಾಲರಾಕ್ಕೆ ಮದ್ದು ಎಂದು ಇದರ ಅರ್ಥವಲ್ಲ. ಕುದಿಸಿದ ನೀರಿನಿಂದ ಮಾಡಿದ್ದು, ಕೆಟ್ಟ ನೀರನ್ನು ಮುಟ್ಟದವರು ಉಳಿದರು. ಬಾಳಿನ ಬಹುಭಾಗ ಮದ್ಯ ಮುಟ್ಟದ ಸ್ನೋ ಅವರ ಹೆಸರಿನಲ್ಲಿ ಆ ಬೀದಿಯಲ್ಲಿ ಈಗ ಇರುವುದು ಒಂದು ಪಬ್.

ಇನ್ನು ಲೆಕ್ಕ. ಇಲ್ಲಿ ಒಂದು ಯೂನಿಟ್ ಎಂದರೆ 10 ಮಿಲಿಲೀಟರ್ ಶುದ್ಧ ಆಲ್ಕೋಹಾಲ್. ಹುಕ್ ನಾರ್ಟನ್ನಿನ ಓಲ್ಡ್ ಹುಕಿ 4.6 ಶೇಕಡ, 568 ಮಿಲಿಲೀಟರಿನ ಒಂದು ಪೈಂಟ್‌ನಲ್ಲಿ ಸುಮಾರು 2.6 ಯೂನಿಟ್. ನಮ್ಮ ಕಡೆಯ ಒಂದು ಲಾರ್ಜ್ ಪೆಗ್, 60 ಮಿಲಿಲೀಟರ್, 42.8 ಶೇಕಡ: ಅದೂ ಸುಮಾರು 2.6 ಯೂನಿಟ್! ಪೈಂಟ್ ಮುಗಿಸಲು ಮುಕ್ಕಾಲು ಗಂಟೆ ಬೇಕು, ಪೆಗ್ ಐದು ನಿಮಿಷದಲ್ಲಿ ಒಳಗೆ ಹೋಗಿರುತ್ತದೆ. ವಾರಕ್ಕೆ 14 ಯೂನಿಟ್ ಮೀರಬಾರದು, ಅದನ್ನೂ ಒಂದೇ ದಿನ ಕುಡಿಯದೆ ಹಂಚಿಕೊಳ್ಳಬೇಕು ಎಂದು 2016ರಿಂದ ಇಲ್ಲಿನ ಮುಖ್ಯ ವೈದ್ಯಾಧಿಕಾರಿಗಳ ಸಲಹೆ. ಗಂಡಸರಿಗೂ ಹೆಂಗಸರಿಗೂ ಒಂದೇ. 14ರ ಒಳಗೆ ಅಪಾಯ ಕಡಿಮೆ, ಸೊನ್ನೆಯಲ್ಲ.

ನಮ್ಮವರೇ ಒಬ್ಬರು ಹೊಟ್ಟೆಯಲ್ಲಿ ನೀರು ತುಂಬಿ ನನ್ನ ವಾರ್ಡಿಗೆ ಬಂದಿದ್ದರು. "ನಾನು ಪಬ್ಬಿನ ಮೆಟ್ಟಿಲು ಹತ್ತಿದವನಲ್ಲ ಸರ್" ಎಂದರು. ಸುಳ್ಳಲ್ಲ. ಅವರು ಕುಡಿದದ್ದೆಲ್ಲ ಮನೆಯಲ್ಲಿ, ಎಲ್ಲರೂ ಮಲಗಿದ ಮೇಲೆ, ಅಳತೆಯಿಲ್ಲದ ಲೋಟದಲ್ಲಿ. ಎಷ್ಟು ಎಂದು ಅವರ ಹೆಂಡತಿಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಪಬ್ಬಿನಲ್ಲಾದರೆ ಗುರುತು ಹಾಕಿದ ಗ್ಲಾಸು ಇರುತ್ತದೆ, ಪಕ್ಕದಲ್ಲಿ ನಾಲ್ಕು ಜನ ಇರುತ್ತಾರೆ.

ಅಂದು ಬ್ರೂವರಿ ನೋಡಿ ಇಳಿದ ಮೇಲೆ ಅಳಿಯ ನನಗೊಂದು ಅರ್ಧ ಪೈಂಟ್ ತಂದಿಟ್ಟ. ತಾಮ್ರದ ಬಣ್ಣ, ತೆಳು ನೊರೆ, ಮೂಗಿಗೆ ಹುರಿದ ಕಾಳಿನ ವಾಸನೆ. ಎರಡು ಗುಟುಕು ಕುಡಿದೆ. ಕಹಿ ನನಗೆ ಹಿಡಿಸಲಿಲ್ಲ, ಆದರೆ ಆ ವಾಸನೆ ಅಮ್ಮ ರಾಗಿ ಹುರಿಯುತ್ತಿದ್ದ ದಿನಗಳದ್ದು. ಉಳಿದದ್ದನ್ನು ಅಳಿಯ ಕುಡಿಯಲು ಹೊರಟ, "1.3 ಯೂನಿಟ್" ಎಂದೆ. ಕಾರಿನ ಕೀಲಿಯನ್ನು ಮಗಳು ಆಗಲೇ ತೆಗೆದುಕೊಂಡಿದ್ದಳು.