ಆಕಾಶದ ನಕ್ಷೆ ಮತ್ತು ಅಳತೆಯುಳ್ಳ ಅಂದಾಜು

ಗೋಳದ ಮೇಲ್ಮೈಯನ್ನು ಸಮತಟ್ಟಾದ ಹಾಳೆಗೆ ಇಳಿಸುವಾಗ ದೂರ, ಕೋನ, ವಿಸ್ತೀರ್ಣಗಳಲ್ಲಿ ಯಾವುದಾದರೊಂದು ವ್ಯತ್ಯಾಸವಾಗಿಯೇ ತೀರುತ್ತದೆ. ಆ ವ್ಯತ್ಯಾಸವನ್ನು ಗೊತ್ತಾದ ನಿಯಮಕ್ಕೆ ಒಳಪಡಿಸುವ ಗಣಿತವಿಧಾನಕ್ಕೆ ನಕ್ಷಾ ಪ್ರಕ್ಷೇಪವೆಂದು ಹೆಸರು. ರಾಯಚೂರು ಜಿಲ್ಲೆಯ ವಳಕಮದಿನ್ನಿಯಂಥ ಒಂದು ಊರಿನ ನಕ್ಷೆಯಲ್ಲಿ ಭೂಮಿಯ ದುಂಡುತನ ಲೆಕ್ಕಕ್ಕೇ ಬರುವುದಿಲ್ಲ, ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳನ್ನು ಒಂದೇ ಹಾಳೆಗೆ ತಂದಾಗಲೂ ಅದರ ಪರಿಣಾಮ ಅತ್ಯಲ್ಪ, ಇಡೀ ಏಷ್ಯಾ ಖಂಡವನ್ನು ಬರೆಯುವಾಗ ಮಾತ್ರ ಅದು ಎದ್ದು ಕಾಣುತ್ತದೆ. ಖಗೋಳಚಿತ್ರಗಳಿಗೂ ಇದೇ ನಿಯಮ ಅನ್ವಯಿಸುತ್ತದೆ.

2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಕಕ್ಷೆಗೆ ಸೇರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ರೂಪುಗೊಂಡು ಹೊಸಕೋಟೆಯ ಪ್ರಯೋಗಾಲಯದಲ್ಲಿ ಜೋಡಣೆಯಾದ ಯುವಿಐಟಿ ಎಂಬ ನೇರಳಾತೀತ ದೂರದರ್ಶಕವಿದೆ. ಅದರ ಒಂದು ನೋಟಕ್ಕೆ ಸಿಗುವುದು ಸುಮಾರು 28 ಕಲೆ, ಅಂದರೆ ಅರ್ಧ ಡಿಗ್ರಿಗಿಂತ ತುಸು ಕಡಿಮೆ ಅಗಲದ ಆಕಾಶ. ಆಂಡ್ರೊಮಿಡಾ ಗೆಲಾಕ್ಸಿಯಾದರೋ ಮೂರು ಡಿಗ್ರಿಗೂ ಮೀರಿ ಹರಡಿಕೊಂಡಿದೆ. ಅದನ್ನು ಈ ದೂರದರ್ಶಕ 19 ತುಣುಕುಗಳಲ್ಲಿ ಸಮೀಕ್ಷಿಸಿದ್ದು, ಪ್ರತಿ ತುಣುಕೂ ಆಕಾಶಗೋಳವನ್ನು ಬೇರೆ ಬೇರೆ ಬಿಂದುವಿನಲ್ಲಿ ಮುಟ್ಟುವ ಬೇರೆ ಬೇರೆ ಸಮತಲದ ಮೇಲಿರುವುದರಿಂದ, ಅವುಗಳನ್ನು ಹಾಗೆಯೇ ಅಕ್ಕಪಕ್ಕ ಇಟ್ಟರೆ ಅಂಚುಗಳಲ್ಲಿ ತಾರೆಗಳು ಒಂದಕ್ಕೊಂದು ಕೂಡುವುದಿಲ್ಲ. ಎಲ್ಲವನ್ನೂ ಒಂದೇ ಸಮತಲಕ್ಕೆ ತರುವ ಕೆಲಸವೇ ಮರುಪ್ರಕ್ಷೇಪ.

ಇದನ್ನು ಪೂರ್ಣ ನಿಖರತೆಯಿಂದ ಮಾಡಬೇಕಾದರೆ, ಹೊಸ ಚಿತ್ರದ ಪ್ರತಿಯೊಂದು ಪಿಕ್ಸೆಲ್‌ಗೂ, ಭೂಮಿಯ ರೇಖಾಂಶ, ಅಕ್ಷಾಂಶಗಳಿಗೆ ಸಮಾನವಾದ ವಿಷುವದಂಶ, ಘಂಟಾವೃತ್ತಾಂಶಗಳನ್ನು ತ್ರಿಕೋನಮಿತಿಯಿಂದ ಕಂಡುಹಿಡಿದು, ಆ ಸ್ಥಾನ ಹಳೆಯ ಚಿತ್ರದಲ್ಲಿ ಎಲ್ಲಿ ಬೀಳುತ್ತದೆಂದು ಮತ್ತೊಮ್ಮೆ ಲೆಕ್ಕ ಹಾಕಬೇಕು. 4,096 ಪಿಕ್ಸೆಲ್ ಉದ್ದ, ಅಷ್ಟೇ ಅಗಲವಿರುವ ಒಂದೇ ಚಿತ್ರಕ್ಕೆ ಇಂಥ ಲೆಕ್ಕ 1.6 ಕೋಟಿಗೂ ಹೆಚ್ಚು ಬಾರಿ ನಡೆಯಬೇಕಾಗುತ್ತದೆ.

ಆದರೆ ಅಕ್ಕಪಕ್ಕದ ಪಿಕ್ಸೆಲ್‌ಗಳ ಉತ್ತರಗಳು ಬಹುಪಾಲು ಸರಳರೇಖೆಯಲ್ಲೇ ಸಾಗುತ್ತವೆ. ಆದ್ದರಿಂದ ಚಿತ್ರದ ಮೇಲೆ 64 ಪಿಕ್ಸೆಲ್‌ಗಳಿಗೊಂದರಂತೆ ಅಡ್ಡ, ಉದ್ದ ಗೆರೆಗಳ ಜಾಲರಿಯನ್ನು ಕಲ್ಪಿಸಿ, ಗೆರೆಗಳು ಕೂಡುವ 4,225 ಬಿಂದುಗಳಲ್ಲಿ ಮಾತ್ರ ಪೂರ್ಣ ಲೆಕ್ಕ ಮಾಡಿದರೆ ಸಾಕು. ಒಂದು ಚೌಕದ ಎಡ ಅಂಚಿನಿಂದ 16 ಪಿಕ್ಸೆಲ್ ಬಲಕ್ಕೂ ಕೆಳ ಅಂಚಿನಿಂದ 32 ಪಿಕ್ಸೆಲ್ ಮೇಲಕ್ಕೂ ಇರುವ ಬಿಂದುವಿನ ಸ್ಥಾನವನ್ನು, ಎಡ ಮೂಲೆಗಳ ಉತ್ತರಗಳಿಗೆ ಮುಕ್ಕಾಲು, ಬಲ ಮೂಲೆಗಳ ಉತ್ತರಗಳಿಗೆ ಕಾಲು ಪಾಲು ತೂಕ ಕೊಟ್ಟು, ಮೇಲಿನ ಮತ್ತು ಕೆಳಗಿನ ಫಲಗಳ ಸರಾಸರಿ ತೆಗೆದು ಪಡೆಯಬಹುದು. ಇದು ಬರೀ ಗುಣಾಕಾರ ಮತ್ತು ಸಂಕಲನದ ಕೆಲಸ. ಎರಡು ಸಮತಲಗಳ ಕೇಂದ್ರಗಳ ನಡುವೆ ಒಂದೂವರೆ ಡಿಗ್ರಿ ಅಂತರವಿದ್ದರೂ ಇದರಿಂದಾಗುವ ದೋಷ ಒಂದು ಪಿಕ್ಸೆಲ್‌ನ ಸಾವಿರದಲ್ಲೊಂದು ಭಾಗವನ್ನೂ ಮುಟ್ಟುವುದಿಲ್ಲ. ಯುವಿಐಟಿಯ ಚಿತ್ರದಲ್ಲಿ ಒಂದು ತಾರೆಯ ಬೆಳಕೇ ಮೂರು ನಾಲ್ಕು ಪಿಕ್ಸೆಲ್‌ಗಳಷ್ಟು ಹರಡಿರುವಾಗ, ಇಷ್ಟು ಸಣ್ಣ ದೋಷದಿಂದ ವಿಜ್ಞಾನಕ್ಕೆ ಯಾವ ಹಾನಿಯೂ ಇಲ್ಲ.

ಫ್ರಾನ್ಸಿನ ಖಗೋಳವಿಜ್ಞಾನಿ ಎಮ್ಯಾನುಯೆಲ್ ಬರ್ಟಿನ್ ಬರೆದ ಸ್ವಾರ್ಪ್ ಎಂಬ ತಂತ್ರಾಂಶ ಈ ಬಗೆಯ ಅಂದಾಜನ್ನೇ ಬಳಸುತ್ತದೆ. ದೋಷದ ಮಿತಿಯನ್ನು ಬಳಸುವವರೇ ನಿಗದಿಪಡಿಸಬಹುದು, ಸೊನ್ನೆ ಎಂದು ಕೊಟ್ಟರೆ ಅಂದಾಜನ್ನು ಬಿಟ್ಟು ಪೂರ್ಣ ಲೆಕ್ಕಕ್ಕೆ ಇಳಿಯುತ್ತದೆ. ಅಮೆರಿಕದ ಮಾಂಟಾಜ್ ತಂತ್ರಾಂಶವು ಗೋಳದ ಲೆಕ್ಕವನ್ನು ಬದಿಗಿಟ್ಟು ಒಂದು ಸಮತಲದಿಂದ ನೇರವಾಗಿ ಇನ್ನೊಂದಕ್ಕೆ ದಾಟುವ ದಾರಿಯಿಂದ ಸುಮಾರು 30 ಪಟ್ಟು ವೇಗ ಸಾಧಿಸಿತು. ಬೇರೆ ಪ್ರಕ್ಷೇಪದ ಚಿತ್ರಗಳನ್ನೂ, ಅವು ಚಿಕ್ಕವಾಗಿದ್ದರೆ, ಗೋಳವನ್ನು ಮುಟ್ಟುವ, ತುಸು ತಿರುಚಿದ ಸಮತಲದ ಚಿತ್ರಗಳೆಂದು ಭಾವಿಸಿ ಇದೇ ದಾರಿಗೆ ತರಬಹುದು.

ಜಾಲರಿಯ ಈ ವಿಧಾನ ಎಲ್ಲೆಡೆಯೂ ಸಲ್ಲುವುದಿಲ್ಲ. ಆಕಾಶದ ಧ್ರುವಗಳ ಬಳಿ ವಿಷುವದಂಶ ಥಟ್ಟನೆ ಬದಲಾಗುತ್ತದೆ, ಇಡೀ ಆಕಾಶದ ನಕ್ಷೆಯಲ್ಲಿ ಎಡ ಅಂಚು ಮುಗಿದಲ್ಲಿ ಬಲ ಅಂಚು ಆರಂಭವಾಗುತ್ತದೆ. ಇಂಥ ಕಡೆ ಮೂಲೆಗಳ ಸರಾಸರಿ ತಪ್ಪು ಸ್ಥಾನವನ್ನೇ ಕೊಡುವುದರಿಂದ ಜಾಲರಿಯನ್ನು ಇನ್ನಷ್ಟು ಒತ್ತಾಗಿಸಬೇಕು, ಇಲ್ಲವೇ ಪೂರ್ಣ ಲೆಕ್ಕವನ್ನೇ ಮಾಡಬೇಕು. ಜೊತೆಗೆ ಪಿಕ್ಸೆಲ್‌ನ ವಿಸ್ತೀರ್ಣ ಬದಲಾದಂತೆ ಬೆಳಕಿನ ಮೊತ್ತವನ್ನೂ ಸರಿದೂಗಿಸದಿದ್ದರೆ, ತಾರೆ ಸರಿಯಾದ ಜಾಗದಲ್ಲಿದ್ದರೂ ಅದರ ಕಾಂತಿ ತಪ್ಪಾಗುತ್ತದೆ. ಅಂದಾಜಿನಲ್ಲಿ ದೋಷವಿರುವುದು ತಪ್ಪಲ್ಲ. ಆ ದೋಷವನ್ನು ಅಳೆಯದೆ ಬಿಡುವುದು ತಪ್ಪು. ಆಸ್ಟ್ರೋಸ್ಯಾಟ್‌ನ ದತ್ತಾಂಶ ಬೆಂಗಳೂರು ಸಮೀಪದ ಬ್ಯಾಲಾಳುವಿನ ಸಂಗ್ರಹದಿಂದ ಸಾರ್ವಜನಿಕರಿಗೂ ದೊರೆಯುತ್ತಿರುವಾಗ, ಮಿತಿಯನ್ನು ಅರಿತು ಬಳಸಿದ ಇಂಥ ಅಂದಾಜು ಸಾಧಾರಣ ಕಂಪ್ಯೂಟರ್ ಇರುವ ವಿದ್ಯಾರ್ಥಿಗೂ ಆಕಾಶದ ತುಣುಕುಗಳನ್ನು ಕೂಡಿಸುವ ಕೆಲಸವನ್ನು ಹತ್ತಿರವಾಗಿಸುತ್ತದೆ.