ಇಲ್ಲದ ಪುಸ್ತಕಕ್ಕೆ ಅಂಜಿದವರು

ಓದಿದವರಿಗೆ ಹುಚ್ಚು ಹಿಡಿಸುವ ಪುಸ್ತಕವೊಂದಿದೆಯಂತೆ. ಹೆಸರು ‘ನೆಕ್ರೊನೊಮಿಕಾನ್’. ದೇವದುರ್ಗದಲ್ಲಿರುವ ಮೊಮ್ಮಗ ಅದರ ಸುದ್ದಿ ಕೇಳಿ, ರಾಯಚೂರಿನಲ್ಲಿರುವ ನನಗೆ ಫೋನ್ ಮಾಡಿದ: ‘ಇದು ಖರೇನಾ ತಾತ?’

ಹುಡುಕಿ ಓದಿದೆ. ಅದರ ಚರಿತ್ರೆ ಬಲು ಜೋರಾಗಿದೆ! ಹುಚ್ಚು ಹಿಡಿದ ಅರಬ್ ಕವಿಯೊಬ್ಬ ಸುಮಾರು 730ರಲ್ಲಿ ಡಮಾಸ್ಕಸ್ ನಗರದಲ್ಲಿ ಅದನ್ನು ಬರೆದನಂತೆ. 738ರಲ್ಲಿ ಕಣ್ಣಿಗೆ ಕಾಣದ ಭೂತವೊಂದು ಹಾಡಹಗಲೇ ಅವನನ್ನು ತಿಂದುಹಾಕಿತಂತೆ. 1228ರಲ್ಲಿ ಪುಸ್ತಕ ಲ್ಯಾಟಿನ್ ಭಾಷೆಗೆ ಬಂತು, 1232ರಲ್ಲಿ ಪೋಪ್ ಅದನ್ನು ನಿಷೇಧಿಸಿದರು ಎಂದೂ ಇದೆ.

ಮಕ್ಕಳೇ, ಇದಿಷ್ಟೂ ಕಟ್ಟುಕಥೆ. ಕಟ್ಟಿದವರು ಅಮೆರಿಕದ ಕಥೆಗಾರ ಎಚ್. ಪಿ. ಲವ್‌ಕ್ರಾಫ್ಟ್ (1890–1937). 1924ರಲ್ಲಿ ಅಚ್ಚಾದ ‘ದಿ ಹೌಂಡ್’ ಕಥೆಯಲ್ಲಿ ಈ ಪುಸ್ತಕದ ಹೆಸರು ತಂದರು. 1927ರಲ್ಲಿ ಅದರ ಸುಳ್ಳು ಚರಿತ್ರೆಯನ್ನೇ ಬರೆದಿಟ್ಟರು. ನಿಜವೆಂದು ನಂಬಿ ಕೇಳಿದವರಿಗೆ, ಅದು ತಮ್ಮದೇ ಕಲ್ಪನೆ ಎಂದು ಪತ್ರ ಬರೆದು ತಿಳಿಸಿದರು. ಆದರೂ ನಂಬುವವರು ನಂಬಿದರು. 1977ರಲ್ಲಿ ಬೇರೆ ಯಾರೋ ಅದೇ ಹೆಸರಿನ ಪುಸ್ತಕವನ್ನು ಅಚ್ಚು ಹಾಕಿ ಮಾರಾಟಕ್ಕೂ ಬಿಟ್ಟರು!

ಜನ ನಂಬಿದ್ದೇಕೆ? ಸುಳ್ಳಿನೊಳಗೆ ನಿಜ ಬೆರೆತಿತ್ತು. ಪ್ರತಿಗಳಿವೆ ಎಂದು ಅವರು ಹೆಸರಿಸಿದ ಲಂಡನ್, ಪ್ಯಾರಿಸ್ ಗ್ರಂಥಾಲಯಗಳು ನಿಜ. ಲ್ಯಾಟಿನ್‌ಗೆ ತಂದವನೆಂದು ಹೇಳಿದ ಒಲಾಸ್ ವರ್ಮಿಯಸ್ ಡೆನ್ಮಾರ್ಕಿನ ನಿಜವಾದ ವೈದ್ಯ. ಆದರೆ ಆತ ಹುಟ್ಟಿದ್ದು 1588ರಲ್ಲಿ! ಹುಟ್ಟುವ 360 ವರ್ಷ ಮೊದಲೇ ಅನುವಾದ ಮಾಡಿದನೇ? ಒಂದು ಕಳೆಯುವ ಲೆಕ್ಕ ಮಾಡಿದ್ದರೆ ಗುಟ್ಟು ರಟ್ಟಾಗುತ್ತಿತ್ತು.

ನಗುವ ಮುನ್ನ ನಮ್ಮ ಮನೆಗಳನ್ನೂ ನೋಡೋಣ. ಗರುಡ ಪುರಾಣವನ್ನು ಮನೆಯಲ್ಲಿ ಇಡಬಾರದು ಎನ್ನುವವರು ನಮ್ಮಲ್ಲೂ ಇದ್ದಾರೆ. ದೇವದುರ್ಗದ ನಮ್ಮ ಬೀಗರ ಅಟ್ಟದ ಮೇಲೆ ತಾಳೆಗರಿಯ ಕಟ್ಟೊಂದಿತ್ತು. ಬಿಚ್ಚಿದರೆ ಮನೆಗೆ ಕೇಡು ಎಂದು ಎರಡು ತಲೆಮಾರು ಯಾರೂ ಮುಟ್ಟಲಿಲ್ಲ. ಕಡೆಗೆ ಬಿಚ್ಚಿದಾಗ ಅರ್ಧ ಗೆದ್ದಲಿನ ಪಾಲಾಗಿತ್ತು. ಉಳಿದ ಗರಿಗಳಲ್ಲಿ ಶುಂಠಿ, ಮೆಣಸು, ಜೇನಿನ ಮನೆಮದ್ದುಗಳಿದ್ದವು. ಮನೆಯವರಿಗೆ ಏನೂ ಆಗಲಿಲ್ಲ. ಕೇಡಾದದ್ದು ಪುಸ್ತಕಕ್ಕೆ.

ಮಾನ್ವಿಯ ಜಗನ್ನಾಥದಾಸರ ‘ಹರಿಕಥಾಮೃತಸಾರ’ ಇನ್ನೂರು ವರ್ಷ ದಾಟಿಯೂ ಉಳಿದಿದೆ. ಜನ ಅದನ್ನು ಕೈಗೆತ್ತಿಕೊಂಡು ಓದಿದರು, ಹಾಡಿದರು, ಬರೆದುಕೊಂಡರು.

ಅಜ್ಜ-ಅಜ್ಜಿಯರೇ, ಹಳೆಯ ಕಟ್ಟುಗಳಿದ್ದರೆ ಅಂಜಿ ಕೃಷ್ಣೆಗೋ ತುಂಗಭದ್ರೆಗೋ ಬಿಡಬೇಡಿ. ಹಳೆಯ ಲಿಪಿ ಬಲ್ಲವರಿಗೆ ತೋರಿಸಿ. ಮಕ್ಕಳೇ, ಶಾಪದ ಪುಸ್ತಕ ಎಂದು ಯಾರಾದರೂ ಹೆದರಿಸಿದರೆ ಮೊದಲು ಇಸವಿ ಕೇಳಿ. ಆಮೇಲೆ ಪೆನ್ಸಿಲ್ ತೆಗೆದು ಲೆಕ್ಕ ಮಾಡಿ.