ಚಟ್ನಿಯ ಯಂತ್ರದಲ್ಲಿ ಚಿಕ್ಕು ಶೇಕ್

ಮೇ ತಿಂಗಳ ಸಂಜೆ ಮುಂಬಯಿಯ ಆಂಟಾಪ್ ಹಿಲ್‌ನ ಸಿಜಿಎಸ್ ಕಾಲೊನಿಯಲ್ಲಿ ಒಂದು ಸುತ್ತು ಹೋದರೆ ಯಾವ ಮನೆಯಲ್ಲಿ ಮಸಾಲೆ ಅರೆಯುತ್ತಿದ್ದಾರೆ, ಯಾವ ಮನೆಯಲ್ಲಿ ಶೇಕ್ ಮಾಡುತ್ತಿದ್ದಾರೆ ಎಂದು ಕಿವಿಯೇ ಹೇಳುತ್ತದೆ. ಮಸಾಲೆಯದು ಭಾರವಾದ, ಒಂದೇ ಸಮನೆಯ ಗುಂಯ್ ಸದ್ದು. ಶೇಕ್‌ನದು ಹಾಗಲ್ಲ. ಮೊದಲು ಐಸ್ ತುಂಡುಗಳು ಜಾರ್‌ಗೆ ಬಡಿಯುವ ಕಟಕಟ, ಆಮೇಲೆ ಮೋಟಾರಿನ ಏದುಸಿರು, ಕೊನೆಗೆ ಐಸೂ ಹಣ್ಣೂ ನುಣ್ಣಗಾದಂತೆ ಮೇಲೇರುವ ಶ್ರುತಿ. ಈ ಶ್ರುತಿ ಏಕೆ ಏರಿಳಿಯುತ್ತದೆ ಎಂದು ಗೊತ್ತಾದರೆ ಒಳ್ಳೆಯ ಶೇಕ್ ಮಾಡುವುದು ಅರ್ಧ ಕಲಿತಂತೆ. ಉಳಿದರ್ಧ ಹಣ್ಣಿನ ರಸಾಯನಶಾಸ್ತ್ರ.

ನಮ್ಮ ಅಡುಗೆಮನೆಯ ಫ್ಯಾನು, ಫ್ರಿಜ್ಜು, ವೆಟ್ ಗ್ರೈಂಡರುಗಳಲ್ಲಿ ಸಾಮಾನ್ಯವಾಗಿ ಇರುವುದು ಇಂಡಕ್ಷನ್ ಮೋಟಾರು. ಗೋಡೆಯ ಪ್ಲಗ್ಗಿನಿಂದ ಬರುವ 50 ಹರ್ಟ್ಸ್ ಕರೆಂಟಿನಲ್ಲಿ ಅದು ಎಷ್ಟೇ ಹೆಣಗಿದರೂ ನಿಮಿಷಕ್ಕೆ 3,000 ಸುತ್ತು ದಾಟಲಾರದು. ಮಿಕ್ಸಿಗೆ ಅಷ್ಟು ಸಾಲದು. ಅದರ ಹೊಟ್ಟೆಯಲ್ಲಿರುವುದು ‘ಯೂನಿವರ್ಸಲ್’ ಮೋಟಾರು. ಇದರಲ್ಲಿ ಹೊರಗೆ ನಿಂತಿರುವ ಸುರುಳಿ ಮತ್ತು ಒಳಗೆ ತಿರುಗುವ ಸುರುಳಿ ಎರಡರಲ್ಲೂ ಒಂದೇ ಕರೆಂಟು ಸಾಲಾಗಿ ಹರಿಯುತ್ತದೆ. ಎಸಿ ಕರೆಂಟು ದಿಕ್ಕು ಬದಲಿಸಿದಾಗ ಎರಡೂ ಸುರುಳಿಗಳ ಕಾಂತಧ್ರುವಗಳು ಒಟ್ಟಿಗೇ ತಿರುಗಿಬೀಳುವುದರಿಂದ ಶಾಫ್ಟ್ ಮಾತ್ರ ಒಂದೇ ದಿಕ್ಕಿಗೆ ಸುತ್ತುತ್ತಲೇ ಇರುತ್ತದೆ. ಖಾಲಿ ಓಡಿಸಿದರೆ ನಿಮಿಷಕ್ಕೆ 18,000 ಸುತ್ತಿನ ಆಸುಪಾಸಿಗೆ ಹೋಗುವ ಮಿಕ್ಸಿಗಳು ಸಾಮಾನ್ಯ. ಬ್ಲೇಡಿನ ಅಗಲ 6 ಸೆಂಟಿಮೀಟರ್ ಎಂದು ಹಿಡಿದು ಲೆಕ್ಕ ಹಾಕಿ: ತುದಿಯ ವೇಗ ಗಂಟೆಗೆ 200 ಕಿಲೋಮೀಟರ್. 2019ರಲ್ಲಿ ಆಂಟಾಪ್ ಹಿಲ್‌ಗೆ ಬಂದ ಮೋನೊರೈಲಿನ ಗರಿಷ್ಠ ವೇಗ ಗಂಟೆಗೆ 80 ಕಿಲೋಮೀಟರ್!

ಈ ಮೋಟಾರಿನ ಸ್ವಭಾವ ಇನ್ನೊಂದಿದೆ. ಹೊರೆ ಬಿದ್ದಷ್ಟೂ ವೇಗ ತಗ್ಗಿಸಿ ಕರೆಂಟು ಹೆಚ್ಚು ಎಳೆಯುತ್ತದೆ, ತಿರುಗುವ ಬಲವನ್ನೂ ಹೆಚ್ಚಿಸಿಕೊಳ್ಳುತ್ತದೆ. ಹೊರೆ ಇಳಿದರೆ ನಾಗಾಲೋಟ. ಐಸ್ ಸಿಕ್ಕಿಕೊಂಡಾಗ ಶ್ರುತಿ ಇಳಿಯುವುದು, ನುಣ್ಣಗಾದಾಗ ಏರುವುದು ಇದರಿಂದಲೇ. ಕೆಲವೊಮ್ಮೆ ಹಣ್ಣು ಇನ್ನೂ ತುಂಡಾಗಿಯೇ ಇರುವಾಗ ಸದ್ದು ಏಕಾಏಕಿ ಚೀರುವಷ್ಟು ಏರುತ್ತದಲ್ಲ, ಆಗ ಬ್ಲೇಡಿನ ಸುತ್ತ ಗಾಳಿಯ ಗುಳ್ಳೆ ಕಟ್ಟಿಕೊಂಡಿದೆ ಎಂದರ್ಥ. ಹಣ್ಣು, ಐಸು ಗುಳ್ಳೆಯ ಮೇಲೆ ಕಮಾನಿನಂತೆ ಕೂತಿರುತ್ತವೆ, ಬ್ಲೇಡು ಗಾಳಿಯನ್ನು ಕಡೆಯುತ್ತಿರುತ್ತದೆ. ಎಷ್ಟು ಹೊತ್ತು ಓಡಿಸಿದರೂ ಪ್ರಯೋಜನವಿಲ್ಲ. ನಿಲ್ಲಿಸಿ, ಅರ್ಧ ಲೋಟ ಹಾಲು ಹೊಯ್ದು, ಮತ್ತೆ ಓಡಿಸಬೇಕು.

ಹಾಲೇ ಮೊದಲು ಬೀಳಬೇಕು, ಹಣ್ಣು ಆಮೇಲೆ, ಐಸ್ ಕೊನೆಗೆ ಎಂಬ ಕ್ರಮವೂ ಇದಕ್ಕೇ. ಬ್ಲೇಡು ದ್ರವವನ್ನು ಅಂಚಿಗೆ ಎಸೆಯುತ್ತದೆ. ಅದು ಗೋಡೆ ಹತ್ತಿ ಮೇಲೇರಿ ನಡುವಿನ ಸುಳಿಯಲ್ಲಿ ಮತ್ತೆ ಬ್ಲೇಡಿಗೆ ಬಂದು ಬೀಳುತ್ತದೆ. ಹಣ್ಣಿನ ತುಂಡುಗಳನ್ನು ಸರದಿಯಂತೆ ಬ್ಲೇಡಿಗೆ ತಂದೊಪ್ಪಿಸುವುದು ಈ ಸುಳಿಯೇ. ಶೇಕ್ ಜಾರ್‌ನ ಒಳಗೋಡೆಯಲ್ಲಿ ಉದ್ದಕ್ಕೆ ಉಬ್ಬು ಏಣುಗಳಿರುವುದನ್ನು ಗಮನಿಸಿ. ಅವಿಲ್ಲದಿದ್ದರೆ ಇಡೀ ದ್ರವ ಒಂದು ಮುದ್ದೆಯಾಗಿ ಬ್ಲೇಡಿನ ಜೊತೆಗೇ ಸುತ್ತುತ್ತಿತ್ತು, ಕಡೆದದ್ದೂ ಆಗುತ್ತಿರಲಿಲ್ಲ, ಕತ್ತರಿಸಿದ್ದೂ ಆಗುತ್ತಿರಲಿಲ್ಲ.

ಈ ಯಂತ್ರ ಹುಟ್ಟಿದ್ದೇ ಶೇಕ್‌ಗಾಗಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರೆಸೀನ್ ಎಂಬ ಊರಿನಲ್ಲಿ, ಪೋಲೆಂಡ್ ಮೂಲದ ಸ್ಟೀಫನ್ ಪೊಪ್ಲಾವ್ಸ್ಕಿ 1922ರಲ್ಲಿ ಪಾತ್ರೆಯ ತಳದಲ್ಲಿ ಬ್ಲೇಡು ತಿರುಗುವ ಯಂತ್ರ ಮಾಡಿದ್ದು ಅಲ್ಲಿನ ಸೋಡಾ ಅಂಗಡಿಗಳ ಮಾಲ್ಟೆಡ್ ಮಿಲ್ಕ್‌ಗಾಗಿ. 1937ರಲ್ಲಿ ಅದರ ಸುಧಾರಿತ ರೂಪವನ್ನು ಫ್ರೆಡ್ ವೇರಿಂಗ್ ಎಂಬ ವಾದ್ಯವೃಂದದ ನಾಯಕ ಮಾರುಕಟ್ಟೆಗೆ ತಂದ. ಆ ವೇರಿಂಗ್ ಬ್ಲೆಂಡರ್ ಪ್ರಯೋಗಶಾಲೆಗೂ ನುಗ್ಗಿತು. 1952ರಲ್ಲಿ ಆಲ್ಫ್ರೆಡ್ ಹರ್ಷಿ ಮತ್ತು ಮಾರ್ಥಾ ಚೇಸ್, ಬ್ಯಾಕ್ಟೀರಿಯಾಗಳಿಗೆ ಅಂಟಿಕೊಂಡಿದ್ದ ವೈರಸ್‌ಗಳ ಹೊರಕವಚವನ್ನು ಈ ಅಡುಗೆಮನೆ ಯಂತ್ರದಿಂದಲೇ ಕಳಚಿ, ಒಳಹೊಕ್ಕದ್ದು ಪ್ರೋಟೀನ್ ಅಲ್ಲ ಡಿಎನ್ಎ ಎಂದು ತೋರಿಸಿಕೊಟ್ಟರು. ಹರ್ಷಿಗೆ 1969ರಲ್ಲಿ ನೊಬೆಲ್ ಬಂತು. ಚೇಸ್‌ಗೆ ಬರಲಿಲ್ಲ, ಅದು ಬೇರೆ ಕತೆ.

ಭಾರತಕ್ಕೆ ಬಂದ ವಿದೇಶಿ ಬ್ಲೆಂಡರುಗಳು ಮಾತ್ರ ನಮ್ಮ ಅಡುಗೆಗೆ ಸೋತವು. ಹಣ್ಣು ಕಡೆಯಲು ಹುಟ್ಟಿದ ಮೋಟಾರಿಗೆ ನೆನೆಸಿದ ಉದ್ದು, ಒಣಕೊಬ್ಬರಿ, ಕೊತ್ತಂಬರಿ ಬೀಜ ಕೊಟ್ಟರೆ ಇನ್ನೇನಾದೀತು? ಹಾಗೆ ಸುಟ್ಟುಹೋದವುಗಳಲ್ಲಿ ಮುಂಬಯಿಯ ಮಾಧುರಿ ಮಾಥುರ್ ಅವರ ಜರ್ಮನ್ ‘ಬ್ರೌನ್’ ಮಿಕ್ಸಿಯೂ ಒಂದು. ಅವರ ಪತಿ ಸತ್ಯಪ್ರಕಾಶ್ ಮಾಥುರ್ ಸೀಮನ್ಸ್ ಕಂಪನಿಯ ಎಂಜಿನಿಯರು. ರಿಪೇರಿ ಮಾಡುವುದಕ್ಕಿಂತ ನಮ್ಮ ಅರೆಯುವಿಕೆಗೆ ತಾಳುವ ಬೇರೆ ಯಂತ್ರವನ್ನೇ ಕಟ್ಟುವುದು ವಾಸಿ ಎಂದು ಅವರು ಹೊರಟರು. 1963ರಲ್ಲಿ ಪವರ್ ಕಂಟ್ರೋಲ್ ಅಂಡ್ ಅಪ್ಲಯನ್ಸಸ್ ಕಂಪನಿ ಹುಟ್ಟಿತು, ಅದರಿಂದ ‘ಸುಮೀತ್’ ಬಂತು. ನಮ್ಮ ಅಮ್ಮಂದಿರ ಪೀಳಿಗೆಗೆ ಮಿಕ್ಸಿ ಎಂದರೆ ಸುಮೀತ್ ಎನ್ನುವಷ್ಟು ಅದು ಬೇರೂರಿತು. ಮಾಟುಂಗಾ, ವಡಾಲಾ, ಸಾಯನ್, ಆಂಟಾಪ್ ಹಿಲ್‌ಗಳ ಕನ್ನಡ, ತುಳು, ಕೊಂಕಣಿ ಮನೆಗಳಲ್ಲಿ ಕಡೆಯುವ ಕಲ್ಲಿಟ್ಟುಕೊಳ್ಳಲು ಜಾಗವೆಲ್ಲಿ? ಒಂದು ಕೋಣೆ, ಅದರ ಮೂಲೆಯಲ್ಲಿ ಅಡುಗೆ ಕಟ್ಟೆ. ಅಲ್ಲಿಗೆ ಮಿಕ್ಸಿ ಹೇಳಿಮಾಡಿಸಿದ್ದು.

ಹೀಗೆ ಶೇಕ್‌ನ ಯಂತ್ರ ನಮ್ಮಲ್ಲಿ ಚಟ್ನಿಯ ಯಂತ್ರವಾಯಿತು. ಈಗ ನಾವು ಚಟ್ನಿಯ ಯಂತ್ರದಲ್ಲಿ ಮತ್ತೆ ಶೇಕ್ ಮಾಡುತ್ತಿದ್ದೇವೆ. ಇದರ ಪರಿಣಾಮ ನಾಲಿಗೆಗೆ ತಿಳಿಯುತ್ತದೆ. ಬೆಳಗ್ಗೆ ಬೆಳ್ಳುಳ್ಳಿ ಚಟ್ನಿ ಅರೆದ ಜಾರ್‌ನಲ್ಲಿ ಸಂಜೆ ಮಾವಿನ ಶೇಕ್ ಮಾಡಿದರೆ ಒಂದು ಘಾಟು ಉಳಿದೇ ಉಳಿಯುತ್ತದೆ. ಸ್ಟೀಲ್ ಜಾರ್ ತೊಳೆದರೆ ಶುದ್ಧ, ತಪ್ಪು ಅದರದಲ್ಲ. ಬೆಳ್ಳುಳ್ಳಿಯ ಗಂಧಕದ ಸಂಯುಕ್ತಗಳು ಎಣ್ಣೆಯಲ್ಲಿ ಕರಗುವ ಜಾತಿ. ಮುಚ್ಚಳದ ರಬ್ಬರ್ ವಾಷರ್ ಅವನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಶೇಕ್‌ಗೆ ಬೇರೆ ಜಾರ್ ಇಡಲು ಆಗದಿದ್ದರೆ ಬೇರೆ ವಾಷರ್ ಆದರೂ ಇಡಿ.

ಇನ್ನು ತಂಪಿನ ಲೆಕ್ಕ. 500 ವಾಟಿನ ಮಿಕ್ಸಿ ಪೂರ್ಣ ಹೊರೆಯಲ್ಲಿ ಒಂದು ನಿಮಿಷ ಓಡಿದರೆ 30,000 ಜೂಲ್ ಶಕ್ತಿ ಖರ್ಚು. ಅರ್ಧ ಮೋಟಾರಿನಲ್ಲೇ ಬಿಸಿಯಾಗಿ ಹೋಯಿತು ಎನ್ನಿ. ಉಳಿದ 15,000 ಜೂಲ್ ಶಾಫ್ಟಿನ ಮೂಲಕ ಜಾರ್‌ಗೆ ಬಂದು, ಕತ್ತರಿಸುವ, ಕಡೆಯುವ ಕೆಲಸವೆಲ್ಲ ಮುಗಿದ ಮೇಲೆ ಶಾಖವಾಗಿಯೇ ಉಳಿಯುತ್ತದೆ. ಅರ್ಧ ಲೀಟರ್ ಹಾಲನ್ನು 7 ಡಿಗ್ರಿಯಷ್ಟು ಬಿಸಿ ಮಾಡಲು ಅದು ಸಾಕು. ಐಸ್ ಹಾಕಿದ್ದರೆ ಸುಮಾರು 45 ಗ್ರಾಂ ಐಸ್ ಬರೀ ಮಿಕ್ಸಿಯ ಬಿಸಿಗೇ ಕರಗಿ ನೀರಾಗುತ್ತದೆ. ‘ಇನ್ನೊಂದು ಸುತ್ತು ಓಡಲಿ’ ಎನ್ನುತ್ತ ಹೋದರೆ ಶೇಕ್ ನೀರಾಗುವುದು ಹೀಗೆ. ಇದಕ್ಕೆ ಜಾಣತನದ ದಾರಿಯೆಂದರೆ ಐಸ್ ಬಿಟ್ಟು ಹಣ್ಣಿನ ತಿರುಳನ್ನೋ ಹಾಲನ್ನೋ ಟ್ರೇಯಲ್ಲಿ ಹೆಪ್ಪುಗಟ್ಟಿಸಿಟ್ಟುಕೊಳ್ಳುವುದು. ಕರಗಿದರೂ ಅದು ಹಣ್ಣೇ, ಹಾಲೇ. ಸಕ್ಕರೆಯನ್ನು ಮಾತ್ರ ನಾಲಿಗೆ ಕೇಳಿದಷ್ಟು ಹಾಕಬೇಡಿ. ಸಿಹಿಯನ್ನು ಮಿದುಳಿಗೆ ತಿಳಿಸುವ ರುಚಿಕೋಶಗಳಲ್ಲಿ ಟಿಆರ್‌ಪಿಎಂ5 ಎಂಬ ಬಾಗಿಲಿದೆ. ಅದು ತಣ್ಣಗಿದ್ದಾಗ ಸರಿಯಾಗಿ ತೆರೆದುಕೊಳ್ಳದು. ತಣ್ಣನೆಯ ಲೋಟದಲ್ಲಿ ಸಪ್ಪೆ ಎನಿಸಿದ ಶೇಕ್ ಹತ್ತು ನಿಮಿಷ ಬಿಟ್ಟರೆ ಪಾಯಸದಷ್ಟು ಸಿಹಿಯಾಗುವುದು ಅದರಿಂದ.

ಈಗ ಹಣ್ಣು. ಹಲ್ಲಿನಿಂದ ಕಚ್ಚುವುದಕ್ಕೂ ಬ್ಲೇಡಿಗೂ ವ್ಯತ್ಯಾಸವೇನೆಂದರೆ, ಬ್ಲೇಡು ಹಣ್ಣಿನ ಜೀವಕೋಶಗಳನ್ನು ಲಕ್ಷಗಟ್ಟಲೆ ಒಡೆದು, ಪ್ರತ್ಯೇಕ ಕೋಣೆಗಳಲ್ಲಿದ್ದ ವಸ್ತುಗಳನ್ನು ಒಟ್ಟು ಸೇರಿಸಿ, ಮೇಲೆ ಗಾಳಿಯನ್ನೂ ಕಡೆದುಹಾಕುತ್ತದೆ. ಸೇಬು, ಬಾಳೆಯ ಶೇಕ್ ಕಂದುಬಣ್ಣಕ್ಕೆ ತಿರುಗುವುದು ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ಫಿನಾಲುಗಳೂ ಆಮ್ಲಜನಕವೂ ಒಟ್ಟಿಗೆ ಸಿಕ್ಕಿದ್ದರಿಂದ. ಕ್ಯಾಲಿಫೋರ್ನಿಯಾ ಮತ್ತು ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯಗಳ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಾಳೆಹಣ್ಣು ಹಾಕಿದ ಸ್ಮೂದಿ ಕುಡಿದವರ ರಕ್ತದಲ್ಲಿ ಫ್ಲೇವನಾಲ್ ಪ್ರಮಾಣ ಶೇಕಡಾ 84ರಷ್ಟು ಕಡಿಮೆ ಕಂಡಿತ್ತು. ಅದೂ ಈ ಕಿಣ್ವದ ಕೆಲಸ. ಇದನ್ನೋದಿ ಬಾಳೆಹಣ್ಣು ಬಿಡುವವರಿದ್ದರೆ ಅವರಿಗೆ ದೊಡ್ಡ ನಮಸ್ಕಾರ. ಬಾಳೆಯ ಶೇಕ್ ಬಾಳೆಗಾಗಿಯೇ ಕುಡಿಯುವುದು, ದ್ರಾಕ್ಷಿ, ಬೆರ್ರಿಗಳಲ್ಲಿರುವ ಫ್ಲೇವನಾಲ್‌ನ ಲಾಭಕ್ಕಾಗಿ ಅಲ್ಲ.

ಮುಂಬಯಿಯ ಶೇಕ್‌ಗಳಲ್ಲಿ ನನ್ನ ಮತ ಚಿಕ್ಕುವಿಗೆ. ಪಾಲ್‌ಘರ್ ಜಿಲ್ಲೆಯ ಡಹಾಣು, ಘೋಲ್‌ವಡ್ ಸೀಮೆಯ ಚಿಕ್ಕುವಿಗೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಪಶ್ಚಿಮ ರೈಲ್ವೆಯ ದಾರಿಯಲ್ಲೇ ಇರುವ ಊರುಗಳು, ಆದ್ದರಿಂದ ಮುಂಬಯಿಗೆ ತಾಜಾ ಮಾಲು. ಅರೆಹಣ್ಣಾದ ಚಿಕ್ಕುವಿನಲ್ಲಿ ಟ್ಯಾನಿನ್ ಮತ್ತು ಹಾಲಿನಂಥ ಅಂಟು ಹೆಚ್ಚು, ಬಾಯಿಯೆಲ್ಲ ಒಗರು. ಹಸುವಿನ ಹಾಲಿನ ಪ್ರೋಟೀನು ಈ ಟ್ಯಾನಿನನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೇ ಬರಿದೇ ತಿಂದರೆ ಒಗರಾದ ಹಣ್ಣು ಶೇಕ್‌ನಲ್ಲಿ ಸುಮಾರಾಗಿ ಒಪ್ಪಿತವಾಗುತ್ತದೆ. ಆದರೂ ಕೈಗೆ ಮೆತ್ತಗಾಗುವ ತನಕ ಕಾಯುವುದು ಮೇಲು. ಬೀಜ ಒಂದೂ ಉಳಿಯಕೂಡದು, ಅದರ ಗಟ್ಟಿತನಕ್ಕೆ ಬ್ಲೇಡು ಸೊಟ್ಟಗಾದೀತು.

ಹಾಲಿನ ಜೊತೆ ಅನಾನಸು ಸೇರಿಸಿದವರು ಎರಡು ಬಗೆಯಲ್ಲಿ ಕೆಡುತ್ತಾರೆ. ಹುಳಿ ಹೆಚ್ಚಾಗಿ ಹಾಲಿನ ಪಿಎಚ್ 4.6ರ ಹತ್ತಿರ ಇಳಿದರೆ ಕೇಸಿನ್ ಒಡೆದು ಗಸಿಯಾಗುತ್ತದೆ. ಅಷ್ಟು ಹುಳಿಯಿಲ್ಲದಿದ್ದರೂ ಅನಾನಸಿನ ಬ್ರೊಮೆಲೈನ್ ಕಿಣ್ವ ಹಾಲಿನ ಪ್ರೋಟೀನನ್ನು ಕತ್ತರಿಸುತ್ತಾ ಹೋಗಿ ಕಹಿ ತುಣುಕುಗಳನ್ನು ಉಳಿಸುತ್ತದೆ. ಹೋಳುಗಳನ್ನು ಸಕ್ಕರೆ ಪಾಕದಲ್ಲಿ ಒಂದು ಕುದಿ ಬರಿಸಿದರೆ ಕಿಣ್ವ ಸಾಯುತ್ತದೆ. ಪಪ್ಪಾಯಿಯ ಪಪೇನ್ ಕೂಡ ಇದೇ ಕುಲದ್ದು. ಚೆನ್ನಾಗಿ ಹಣ್ಣಾದದ್ದರಲ್ಲಿ ಅದು ಕಡಿಮೆ, ಆದರೂ ಪಪ್ಪಾಯಿ ಶೇಕ್ ಮಾಡಿದ ಕೂಡಲೇ ಕುಡಿಯಬೇಕು, ಫ್ರಿಜ್ಜಿನಲ್ಲಿಟ್ಟು ಮರುದಿನಕ್ಕೆ ಉಳಿಸಬಾರದು.

ಕರಾವಳಿಯವರ ಪುನರ್ಪುಳಿ ಶರಬತ್ತಿಗಂತೂ ಮಿಕ್ಸಿಯೇ ಬೇಡ. ಒಣಸಿಪ್ಪೆ ನೆನೆಹಾಕಿ ಹಿಸುಕಿದರೆ ಆಯಿತು. ಬೀಜಸಹಿತ ಅರೆದರೆ ಬೀಜದ ಕೊಬ್ಬು ಮೇಲೆ ತೇಲುತ್ತದೆ. ಇದರ ಕೆಂಪು ಆಂಥೋಸಯನಿನ್‌ನದು, ಹುಳಿಯಲ್ಲಿ ಕಡುಗೆಂಪಾಗಿಯೇ ಇರುತ್ತದೆ. ಸೋಡಾ ಬೆರೆಸಿದರೂ ಬಣ್ಣ ಕೆಡುವುದಿಲ್ಲ, ಸೋಡಾದಲ್ಲಿರುವುದೂ ಆಮ್ಲವೇ. ಆದರೆ ಸೋಡಾವನ್ನು ಲೋಟದಲ್ಲೇ ಬೆರೆಸಿ. ಮಿಕ್ಸಿಗೆ ಹಾಕಿ ಮುಚ್ಚಳ ಒತ್ತಿ ಓಡಿಸಿದರೆ ಕರಗಿದ್ದ ಅನಿಲವೆಲ್ಲ ಒಮ್ಮೆಲೇ ಹೊರಬಂದು ಮುಚ್ಚಳ ಹಾರುತ್ತದೆ, ಅಡುಗೆಮನೆಯ ಗೋಡೆ ಕೆಂಪಾಗುತ್ತದೆ.

ಶೇಕ್ ನಡುವೆ ಮಿಕ್ಸಿ ತಟ್ಟನೆ ಸತ್ತರೆ ಗಾಬರಿ ಬೇಡ. ಐಸ್ ಸಿಕ್ಕಿ ವೇಗ ತಗ್ಗಿದಾಗ ಕರೆಂಟು ಏರುತ್ತದೆ. ಅದೇ ಶಾಫ್ಟಿಗೆ ಕೂತಿರುವ ತಂಪಿನ ಫ್ಯಾನು ಆಗಲೇ ನಿಧಾನವಾಗಿರುತ್ತದೆ. ಸುರುಳಿ ಸುಡುವ ಮೊದಲೇ ಓವರ್‌ಲೋಡ್ ಸ್ವಿಚ್ ಕರೆಂಟು ಕಡಿದುಹಾಕುತ್ತದೆ. ಪ್ಲಗ್ ಕಿತ್ತು, ಕೆಲವು ನಿಮಿಷ ತಣಿಯಲು ಬಿಟ್ಟು, ಮಿಕ್ಸಿಯನ್ನು ಮಗುಚಿ ತಳದ ಕೆಂಪು ಗುಂಡಿ ಒತ್ತಿದರೆ ಸಾಮಾನ್ಯವಾಗಿ ಜೀವ ಬರುತ್ತದೆ. ಇದು ಗೊತ್ತಿಲ್ಲದೆ ಮಿಕ್ಸಿ ಹೊತ್ತು ರಿಪೇರಿ ಅಂಗಡಿಗೆ ಹೋದವರಿಗೆ ಗುಂಡಿ ಒತ್ತಿದ್ದಕ್ಕೂ ಬಿಲ್ಲು ಬಿದ್ದದ್ದುಂಟು. ಗಾಳಿಕಿಂಡಿಯಲ್ಲಿ ಕಾಣುವ ಸಣ್ಣ ನೀಲಿ ಕಿಡಿ ಕಾರ್ಬನ್ ಬ್ರಷ್‌ನದು, ಅದು ಸಹಜ. ಕಿಡಿ ದೊಡ್ಡದಾಗಿ, ಓಟ ಎಡವುತ್ತಿದ್ದರೆ ಬ್ರಷ್ ಸವೆದಿದೆ, ಬದಲಿಸಿ. ಮಿಕ್ಸಿಯ ಲೇಬಲ್ಲಿನಲ್ಲಿ ಬರೆದಿರುವ ‘30 ನಿಮಿಷ’ ಒಂದೇ ಉಸಿರಿನ ಓಟಕ್ಕಲ್ಲ, ನಡುನಡುವೆ ವಿರಾಮ ಕೊಟ್ಟು ಓಡಿಸುವ ಲೆಕ್ಕ ಅದು.

ಕೊನೆಗೆ ಮೋಸಂಬಿ. ಬೀಜ, ಬಿಳಿಯ ನಾರು ಸಹಿತ ಮಿಕ್ಸಿಯಲ್ಲಿ ತಿರುಗಿಸಿದ ರಸ ಆಗ ಸಿಹಿಯಾಗಿದ್ದು, ತುಸು ಹೊತ್ತಿಗೆ ಕಹಿಯಾಗುತ್ತದೆ. ಬೀಜ ಮತ್ತು ನಾರಿನಲ್ಲಿರುವ ರುಚಿಯಿಲ್ಲದ ಒಂದು ವಸ್ತು ರಸದ ಆಮ್ಲಕ್ಕೆ ಸಿಕ್ಕಿ ನಿಧಾನವಾಗಿ ಲಿಮೊನಿನ್ ಆಗುತ್ತದೆ, ಲಿಮೊನಿನ್ ಕಡುಕಹಿ. ಬ್ಲೇಡು ಎಷ್ಟು ನುಣ್ಣಗೆ ಅರೆದರೆ ಕಹಿ ಅಷ್ಟು ಹೆಚ್ಚು. ರಸ್ತೆಬದಿಯ ಗಾಡಿಯವರು ಕೈಯಿಂದ ತಿರುಗಿಸುವ ಯಂತ್ರದಲ್ಲಿ ಒತ್ತಿ ತೆಗೆಯುವ ರಸಕ್ಕೆ ಈ ಕಾಟ ಕಡಿಮೆ, ಏಕೆಂದರೆ ಅಲ್ಲಿ ಬೀಜ ಪುಡಿಯಾಗುವುದಿಲ್ಲ. ಆದ್ದರಿಂದ 200 ಕಿಲೋಮೀಟರ್ ವೇಗದ ಬ್ಲೇಡು ಮನೆಯಲ್ಲಿದ್ದರೂ ಮೋಸಂಬಿಯನ್ನು ಕೈಯಲ್ಲೇ ಹಿಂಡಿ.